ಮಂಗಳವಾರದ ಉಸಿರು

ಬೆನ್ನಿಗೆ ಆರು ಸ್ಟಿಕ್ಕರ್ ಅಂಟಿಸುವುದು ನನ್ನ ಕೆಲಸ.
ಕಪ್ಪು ಬಿಳಿ ಚೌಕ, ಚೌಕಾಬಾರದ ಒಂದು ಮನೆಯಷ್ಟು.
ಬೆವರು ಒರೆಸಿ, ಸ್ಪಿರಿಟ್ ಆರುವ ತನಕ ಕಾದು,
ಹೆಬ್ಬೆರಳಲ್ಲಿ ಒತ್ತಿ ಹತ್ತು ಎಣಿಸಬೇಕು.
ಒಂದು ಸರಿದರೂ ಒಳಗಿನದೆಲ್ಲ ಸರಿದಂತೆ
ಅನ್ನುತ್ತಾರೆ ಡಾಕ್ಟರ್ ತಸ್ನೀಮ್.

ಹಾಲೇಶಪ್ಪ, ಅರವತ್ತೇಳು, ಭದ್ರಾವತಿ.
ಮಂಗಳವಾರ ಅಂಟಿಸಿ ಸ್ಕ್ಯಾನಿಗೆ ಕಳಿಸಿದ್ದೆ.
ಗುರುವಾರದ ತನಕ ಮೈಗೆ ನೀರು ಹಾಕಬೇಡಿ ಎಂದರೆ
ಮುಖ ಕೂಡ ತೊಳೆಯದೆ ಬಂದಿದ್ದಾರೆ.
ಆರೂ ಇದ್ದಲ್ಲೇ ಇದ್ದವು.

ಸಾಗರ ರಸ್ತೆಯ ಲಾರಿಗಳಿಗೆ ಕಿಟಕಿ ನಡುಗುವ
ಎರಡನೇ ಮಹಡಿ. ಬೋರಲು ಮಲಗಿಸಿದೆವು.
ಡಾಕ್ಟರ್ ಕನ್ನಡಕ ಏರಿಸಿಕೊಂಡರು
(ಹೆಸರಿಗೆ ಕನ್ನಡಕ, ನೋಡಿದರೆ ಹೆಲ್ಮೆಟ್ಟಿನ ತಮ್ಮ)
ಏರಿಸಿಕೊಂಡು ಸುಮ್ಮನಾದರು.
ಆ ಮೌನ ನನಗೆ ಗೊತ್ತು.
ಚರ್ಮದ ಕೆಳಗೆ ದೀಪ ಹತ್ತಿದೆ ಅವರಿಗೆ:
ಪಕ್ಕೆಲುಬು, ಅದರಡಿ ಕಿಡ್ನಿ,
ಕಿಡ್ನಿಯ ನೆತ್ತಿಯಲ್ಲಿ ಹುಣಸೆಬೀಜದಂಥ ಗಂಟು,
ಅಲ್ಲಿಗೆ ಒಂದು ಹಸಿರು ಗೆರೆ, ಸೂಜಿಯ ದಾರಿ.
ನನಗೆ ಕಾಣುವುದು ಬೆನ್ನು.
ಹಳೆಯ ಸುಟ್ಟ ಕಲೆ, ಒಂದು ನರಹುಲಿ,
ಬನಿಯನ್ನಿನ ಗೆರೆ.

"ಏನ್ ಕಾಣ್ತೈತೆ ಸಿಸ್ಟರ್ ಅವ್ರಿಗೆ?"
ದಿಂಬಿನೊಳಗಿಂದ ಕೇಳಿದರು.
ನಿಮ್ಮ ಒಳಗಿಂದೆಲ್ಲ, ಅಂದೆ.
"ನಿಮಗೆ?"
ಇಲ್ಲ.
"ಹಂಗಾರೆ ನೀವೂ ನಾನೂ ಒಂದೇ ಬಿಡಿ."

ಹೆದರಿದವರ ಮಾತು ನಿಲ್ಲುವುದಿಲ್ಲ.
ಕಬ್ಬಿಣದ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕ್ರೇನು.
ಕೊಕ್ಕೆಯಲ್ಲಿ ಕರಗಿದ ಕಬ್ಬಿಣದ ಬಾನಿ,
ಮೇಲೆ ಕೂತವನಿಗೆ ಕೆಳಗೆ ಬರೀ ಬೆಳಕು, ಹೊಗೆ.
"ಬಾನಿ ನೋಡಿದ್ರೆ ಕೆಟ್ಟೆ.
ಕೆಳಗೆ ನಿಂತವನ ಕೈ ನೋಡ್ಬೇಕು.
ಬೆರಳು ಬಿಚ್ಚಿದ್ರೆ ನಡೆಸು, ಮಡಚಿದ್ರೆ ನಿಲ್ಸು.
ಅಷ್ಟೇ ಓದು ನಂದು."

ಸೂಜಿ ಚರ್ಮ ಮುಟ್ಟಿತು.
ಉಸಿರು ತಗೊಂಡು ಹಿಡೀರಿ, ಅಂದರು ಡಾಕ್ಟರ್.
ಹಿಡಿದರು. ಡಾಕ್ಟರ ಕೈ ನಡುದಾರಿಯಲ್ಲಿ ನಿಂತಿತು.
ಪಕ್ಕದ ಅಲ್ಟ್ರಾಸೌಂಡಿನಲ್ಲಿ ಗಂಟು ಒಂದು ಕಡೆ,
ಕನ್ನಡಕದಲ್ಲಿ ಇನ್ನೊಂದು ಕಡೆ.
ನಾಲ್ಕು ಮಿಲಿಮೀಟರ್. ಅಕ್ಕಿಕಾಳಿಗಿಂತ ಗಿಡ್ಡ.
ಸ್ಕ್ಯಾನಿನ ದಿನ ಈ ಮನುಷ್ಯ ಹಿಡಿದ ಉಸಿರು ಬೇರೆ,
ಇವತ್ತಿನದು ಬೇರೆ, ಭಯ ಬೆರೆತು ದೊಡ್ಡದು.
ಯಂತ್ರಕ್ಕೆ ಗೊತ್ತಿರುವುದು ಮಂಗಳವಾರದ ಹಾಲೇಶಪ್ಪ.

ದಿಂಬಿನ ಪಕ್ಕ ಕೂತು, ಅವರ ಕಣ್ಣ ಮುಂದೆ ಕೈ ಹಿಡಿದೆ.
ಬಿಚ್ಚಿದರೆ ಎಳೀರಿ, ಮಡಚಿದರೆ ನಿಲ್ಲಿಸಿ.
"ಓ, ಅದಾ!" ನಕ್ಕರೇನೋ,
ಬೆನ್ನು ಅಲುಗಿತು, ಡಾಕ್ಟರ್ ಬೈದರು.
ಒಮ್ಮೆ ಹೆಚ್ಚಾಯಿತು. ಒಮ್ಮೆ ಸಾಲಲಿಲ್ಲ.
ಮೂರನೆಯ ಸಲ ಡಾಕ್ಟರ್ ಹೂಂ ಅಂದರು,
ನಾನು ಬೆರಳು ಮಡಚಿದೆ,
ಉಸಿರು ನಿಂತಿತು.
ಟಕ್. ಸ್ಟೇಪ್ಲರಿನ ಸದ್ದು, ಅಷ್ಟೇ.
ಪುಟ್ಟ ಬಾಟಲಿಯಲ್ಲಿ ಬಿಳಿ ದಾರದ ತುಣುಕಿನಂಥದು.
ಎಂಥ ಗಂಟೆಂದು ತಿಳಿಯುವುದು ಮುಂದಿನ ವಾರ.
ಅದು ಆ ಕನ್ನಡಕಕ್ಕೂ ಕಾಣುವುದಿಲ್ಲ.

ಅವರನ್ನು ವಾರ್ಡಿಗೆ ತಳ್ಳಿಕೊಂಡು ಹೋದರು.
ಮೂಗಿನ ಮೇಲೆ ಎರಡು ಕೆಂಪು ಗುರುತು ಹೊತ್ತು
ಡಾಕ್ಟರ್ ಕೈ ತೊಳೆಯಲು ಹೋದರು.
ಕನ್ನಡಕ ಒರೆಸಿಡುವುದೂ ನನ್ನ ಕೆಲಸ.
ಆರಿಸುವ ಮೊದಲು, ಯಾಕೋ,
ಮೂರು ವರ್ಷದಲ್ಲಿ ಮೊದಲ ಸಲ ಹಾಕಿಕೊಂಡೆ.

ಮೇಜು ಖಾಲಿ. ಮುದುಡಿದ ಹಸಿರು ಬಟ್ಟೆ.
ಅದರ ಮೇಲೆ ಗೇಣೆತ್ತರದಲ್ಲಿ ತೇಲುತ್ತಿದ್ದಾರೆ ಹಾಲೇಶಪ್ಪ,
ಕಲೆಯಿಲ್ಲ, ನರಹುಲಿಯಿಲ್ಲ, ಮಾತಿಲ್ಲ,
ಹಚ್ಚಿಟ್ಟ ಪಕ್ಕೆಲುಬು, ಅದರೊಳಗೆ ಆ ಬೀಜ.
ಕೈ ಹಾಕಿದೆ. ಏನೂ ತಾಗದೆ ಕೈ ಆಚೆ ಬಂತು.
ಮಂಗಳವಾರ ಹನ್ನೊಂದು ಗಂಟೆಗೆ ಹಿಡಿದ ಉಸಿರು
ಇನ್ನೂ ಬಿಟ್ಟಿಲ್ಲ ಇವರು.

ಹೊರಗೆ ಮುಂದಿನ ಸ್ಟ್ರೆಚರಿನ ಚಕ್ರ ಕಿರುಗುಟ್ಟಿತು.
ಬಿಡಿ, ಅಂದೆ. ಸಾಕು, ಬಿಡಿ.
ಖಾಲಿ ಮೇಜಿನ ಮುಂದೆ
ಬೆರಳು ಬಿಚ್ಚಿ ಹಿಡಿದೆ.